ಜರೀಗಿಡದ ಕೆಳಗಿನ ಚಾಕು

ಚಾಕು ಯಾರದೆಂದು ಬಾರ್ನಾಬೆಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗದಿದ್ದರೆ ಒಳ್ಳೆಯದಿತ್ತು ಎಂದು ಮರುಗಳಿಗೆಯೇ ಅನ್ನಿಸಿತು. ಬಗ್ಗಿದವನು ಬಗ್ಗಿದ ಹಾಗೇ, ಒಂದು ಕೈಯಲ್ಲಿ ಜರೀಗಿಡದ ಕೆಂಪಾದ ಎಲೆಗಳನ್ನು ಸರಿಸಿ ಹಿಡಿದು, ಇನ್ನೊಂದು ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲಿಟ್ಟುಕೊಂಡು ನೋಡುತ್ತಿದ್ದ. ಕೊಳೆತ ಚೆಸ್ಟ್‌ನಟ್ ಬೊಡ್ಡೆಯ ಬುಡದಲ್ಲಿ, ದಪ್ಪ ಕಾಲಿನ ಎರಡು ಕಂದು ಅಣಬೆಗಳ ಮಗ್ಗುಲಲ್ಲಿ, ಅಲಗು ಬಿಚ್ಚಿಕೊಂಡೇ ಅದು ಬಿದ್ದಿತ್ತು. ಅಲಗಿನ ತುಂಬ ತುಕ್ಕು. ಹಿಡಿಯ ಹಳದಿ ಮರ ಒಂದು ವರ್ಷದ ಮಳೆ ಕುಡಿದು ಕಪ್ಪಾಗಿತ್ತು. ಆದರೆ ಹಿಡಿಯ ಮೇಲೆ ಸುಟ್ಟು ಬರೆದ ಮೂರು ಚುಕ್ಕೆ ಹಾಗೇ ಇದ್ದವು. ಕತ್ತಿನ ಹಿತ್ತಾಳೆ ಬಳೆ ಬೀಗ ಹಾಕಿದಂತೆ ತಿರುಗಿಕೊಂಡಿತ್ತು. ಯಜಮಾನರು ಒಂದು ಅಣಬೆ ಕೊಯ್ಯುವುದಕ್ಕೂ ಬಳೆ ತಿರುಗಿಸಿ, ಅಲಗು ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಕೈ ಹಾಕಿದವರಲ್ಲ. ಬಳೆಯ ಚಾಕು ಸುತ್ತಲ ಹಳ್ಳಿಗಳಲ್ಲಿ ಪ್ರತಿ ಗಂಡಸಿನ ಜೇಬಿನಲ್ಲೂ ಇತ್ತು, ಬಾರ್ನಾಬೆಯ ಜೇಬಿನಲ್ಲೂ ಇತ್ತು. ಬೆನ್ನಿಗೆ ಬಿರಡೆ ತೆಗೆಯುವ ತಿರುಪು ಮಡಚಿಕೊಂಡಿದ್ದ ಚಾಕು ಮಾತ್ರ ಒಂದೇ. ಮದುವೆಯಾದ ವರ್ಷ ತಿಯೋಫಿಲ್ ಯಜಮಾನರು ಹೇಳಿ ಮಾಡಿಸಿದ್ದು ಅದು. ಅದರ ತಿರುಪಿನೊಳಗೆ ಈಗ ಒಂದು ಚೂರು ಪಾಚಿ ಬೆಳೆದಿತ್ತು.

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಇಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಇದು ಜಾಗ. ತೋಪಿನ ಬಡಗಣ ಇಳಿಜಾರು, ಕುಸಿದ ಕಲ್ಲಿನ ಗೋಡೆ, ಅದರಾಚೆ ಮುಳ್ಳುಗಂಟಿ. ಗಂಟಿಯ ಎಡಕ್ಕೆ ತಲೆ ತಗ್ಗಿಸಿ ನುಸುಳಿದರೆ ಹತ್ತು ಹೆಜ್ಜೆಯ ಬಯಲು. ಎರಡು ಶರತ್ಕಾಲದ ಹಿಂದೆ ಯಜಮಾನರು ಮಂಡಿನೋವೆಂದು ಗೋಡೆಯ ಹತ್ತಿರ ನಿಂತು, ಬುಟ್ಟಿ ಹಿಡ್ಕೊಂಡು ಬಾ ಎಂದು ಕರೆದಿದ್ದರು. ಅವನು ಗೋಡೆಯ ಈಚೆಗೇ ನಿಂತುಬಿಟ್ಟಿದ್ದ. ಒಬ್ಬ ಗಂಡಸಿನ ಅಣಬೆ ಜಾಗಕ್ಕೆ ಇನ್ನೊಬ್ಬ ಗಂಡಸು ಕಾಲಿಡುವುದೆಂದರೆ ಅವನ ಮಂಚದ ಮೇಲೆ ಹೋಗಿ ಕೂತ ಹಾಗೆ. ಬಾರೋ, ನಿನ್ನನ್ನೇ ಕರೀತಿರೋದು, ಎಂದು ಯಜಮಾನರು ರೇಗಿದರು. ಅವರೇ ಮುಳ್ಳಿನ ಕೊಂಬೆಯನ್ನು ಕೋಲಿನಿಂದ ಎತ್ತಿ ಹಿಡಿದರು. ಬಾರ್ನಾಬೆ ಅದರಡಿಯಲ್ಲಿ ನುಸುಳಿದ. ಎದುರಿಗೆ ಇಪ್ಪತ್ತೋ ಮೂವತ್ತೋ ಅಣಬೆಗಳು, ಪಾದ್ರಿಗೆ ಕಾದು ಕೂತ ಮುದುಕಿಯರ ಹಾಗೆ ಕಂದು ತಲೆ ತಗ್ಗಿಸಿಕೊಂಡು ಕೂತಿದ್ದವು. ಇದೇ, ಎಂದರು ಯಜಮಾನರು. ಸ್ವಲ್ಪ ಹೊತ್ತಾದ ಮೇಲೆ, ತಾವು ಕೊಯ್ದ ಅಣಬೆಯ ಬುಡಕ್ಕೆ ಮಣ್ಣು ಮುಚ್ಚುತ್ತ, ಮುಖ ಎತ್ತದೆ ಹೇಳಿದರು: "ಮನೇಲಿ ಅವಳಿಗೆ ಹೇಳಬೇಡ. ಹೆಂಗಸರ ಬಾಯಿಗೆ ಬಿದ್ರೆ ಭಾನುವಾರ ಚರ್ಚಿನ ಬಾಗಿಲಲ್ಲಿ ಊರಿಗೆಲ್ಲ ಗೊತ್ತಾಗುತ್ತೆ. ನೀನಾದ್ರೆ ಯಾರಿಗೆ ಹೇಳ್ತೀಯ? ನಿನಗೆ ಯಾರಿದ್ದಾರೆ?"

ಎರಡು ವರ್ಷದಿಂದ ಅವನು ಆ ಮಾತನ್ನು ತಿರುವಿ ಹಾಕಿ ನೋಡುತ್ತಿದ್ದ. ಒಂದು ಮಗ್ಗುಲಿನಿಂದ ನೋಡಿದರೆ ಇಡೀ ಊರಿನಲ್ಲಿ, ಹೆಂಡತಿಯನ್ನೂ ಮಗಳನ್ನೂ ಅಳಿಯನನ್ನೂ ಬಿಟ್ಟು, ತಿಯೋಫಿಲ್ ಯಜಮಾನರು ಆರಿಸಿಕೊಂಡದ್ದು ಆಳಾದ ತನ್ನನ್ನು. ಇನ್ನೊಂದು ಮಗ್ಗುಲಿನಿಂದ ನೋಡಿದರೆ ಬೊಡ್ಡೆಗೆ ಹೇಳಿದರೂ ಒಂದೇ, ಬಾರ್ನಾಬೆಗೆ ಹೇಳಿದರೂ ಒಂದೇ. ಅವನು ಮೊದಲನೆಯ ಮಗ್ಗುಲನ್ನು ಮೇಲಕ್ಕೆ ಮಾಡಿಟ್ಟುಕೊಂಡಿದ್ದ. ಕೊಟ್ಟಿಗೆಯ ಮೇಲಿನ ತನ್ನ ಕೋಣೆಯಲ್ಲಿ ಮಲಗಿದಾಗ ಕೆಲವು ಸಲ ಆ ಮಾತು ತಾನಾಗಿಯೇ ಮಗುಚಿಕೊಳ್ಳುತ್ತಿತ್ತು. ಆಗ ಎದ್ದು ಕೂತು, ಯಜಮಾನರು ಕೊಂಬೆಯನ್ನು ಎತ್ತಿ ಹಿಡಿದದ್ದನ್ನು ನೆನಪಿಸಿಕೊಳ್ಳುತ್ತಿದ್ದ. ಯಾರೂ ಬೊಡ್ಡೆಗಾಗಿ ಮುಳ್ಳಿನ ಕೊಂಬೆಯನ್ನು ಎತ್ತಿ ಹಿಡಿಯುವುದಿಲ್ಲ. ಐವತ್ತೇಳು ವರ್ಷದಲ್ಲಿ ತನ್ನ ಪಾಲಿಗೆ ಬಂದ ಆಸ್ತಿ ಇಷ್ಟೇ ಎಂದು ಅವನಿಗೆ ಗೊತ್ತಿತ್ತು. ಇಷ್ಟಾದರೂ ಇದೆಯಲ್ಲ ಎಂದೂ ಅನ್ನಿಸುತ್ತಿತ್ತು.

ಚಾಕುವನ್ನು ಎತ್ತಿಕೊಂಡ. ಹಿಡಿ ತಣ್ಣಗಿತ್ತು, ಮೆತ್ತಗೂ ಇತ್ತು. ಹೋದ ವರ್ಷ ಇದೇ ಅಕ್ಟೋಬರಿನಲ್ಲಿ ಯಜಮಾನರು ಮಳೆಯಲ್ಲಿ ನೆನೆದುಕೊಂಡು, ಖಾಲಿ ಬುಟ್ಟಿ ಹಿಡಿದು, ಮುಖದ ಒಂದು ಕಡೆ ಜೋಲುಬಿದ್ದು ಮನೆಗೆ ಬಂದಿದ್ದರು. ಮೂರು ದಿನ ಮಲಗಿದ್ದರು. ನಾಲಿಗೆ ತಿರುಗಲಿಲ್ಲ. ಬಲಗೈ ಮಾತ್ರ ಹೊದಿಕೆಯ ಮೇಲೆ ತೊಡೆಯ ಹತ್ತಿರ ತಟ್ಟುತ್ತಿತ್ತು, ತಟ್ಟುತ್ತಿತ್ತು. ಹೆಂಡತಿ ನೋಯೆಲಿ ಮೂತ್ರಕ್ಕೆ ಅಂದುಕೊಂಡು ಪಾತ್ರೆ ಹಿಡಿದಳು, ಕರವಸ್ತ್ರ ಅಂದುಕೊಂಡು ಕರವಸ್ತ್ರ ಕೊಟ್ಟಳು, ಜಪಮಾಲೆ ಅಂದುಕೊಂಡು ಜಪಮಾಲೆ ಸುತ್ತಿದಳು. ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಬಾರ್ನಾಬೆಗೆ ಅದು ಜೇಬು ಎಂದು ಗೊತ್ತಾಗಿತ್ತು. ಯಜಮಾನರ ಕಣ್ಣು ಅವನ ಮೇಲಿತ್ತು. ಜಾಗದಲ್ಲಿ ಬಿಟ್ಟು ಬಂದಿದ್ದಾರೆ, ಹೋಗಿ ತಾ ಅನ್ನುತ್ತಿದ್ದಾರೆ ಎಂದು ಹೊಳೆದಿತ್ತೋ, ಆಮೇಲೆ ತಾನೇ ಹಾಗೆ ಜೋಡಿಸಿಕೊಂಡನೋ ಈಗ ಹೇಳಲಾರ. ಹೋಗಲಿಲ್ಲ ಅನ್ನುವುದು ಮಾತ್ರ ಖಂಡಿತ. ಮನೆ ತುಂಬ ಜನ, ಅಳಿಯ ರೆಮಿ ಪಟ್ಟಣದಿಂದ ಬಂದು ಅಂಗಳದಲ್ಲಿ ಸಿಗರೇಟು ಸೇದುತ್ತ ನಿಂತಿದ್ದ. ತೋಪಿನ ಕಡೆ ಹೊರಟರೆ ಯಾರಾದರೂ ಹಿಂದೆ ಬಂದಾರು ಎಂಬ ಭಯ. ಮೂರನೆಯ ದಿನ ಸಂಜೆ ಕೈ ತಟ್ಟುವುದನ್ನು ನಿಲ್ಲಿಸಿತು. ಹೆಣಕ್ಕೆ ಒಳ್ಳೆಯ ಸೂಟು ಹಾಕಿದ ಮೇಲೆ ನೋಯೆಲಿ ಚಾಕು ಹುಡುಕಿದಳು. ಇಲ್ಲಿ ಗಂಡಸು ಚಾಕುವಿಲ್ಲದೆ ಮಣ್ಣಿಗೆ ಹೋಗುವುದಿಲ್ಲ. ಅಲ್ಮೇರಾ, ಗಾಡಿ, ವೈನಿನ ನೆಲಮಾಳಿಗೆ, ಹಳ್ಳದವರೆಗಿನ ದಾರಿಯ ಎಲೆಗಳು, ಎಲ್ಲವನ್ನೂ ಅವಳೂ ಮಗಳೂ ಜಾಲಾಡಿದರು. ಅವನೂ ಜೊತೆಗೆ ಹುಡುಕಿದ. ಎಲ್ಲಿರಬಹುದೆಂದು ಊಹೆಯಿದ್ದವನು, ಎಲ್ಲಿಲ್ಲವೆಂದು ಗೊತ್ತಿದ್ದ ಕಡೆಯೆಲ್ಲ ಬಗ್ಗಿ ಬಗ್ಗಿ ಹುಡುಕಿದ. ಯಜಮಾನರು ಖಾಲಿ ಜೇಬಿನಲ್ಲಿ ಹೋದರು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಜಾಗ ಹೇಳಬೇಕು, ಜಾಗ ಹೇಳಿದರೆ ನಿನಗೆ ಹೇಗೆ ಗೊತ್ತು ಅನ್ನುತ್ತಾರೆ. ಹೆಣದ ಪಕ್ಕ ಕೂತು ನೋಯೆಲಿ ಬಂದ ಹೆಂಗಸರಿಗೆಲ್ಲ ಹೇಳುತ್ತಿದ್ದದ್ದು ಅದೊಂದೇ ಮಾತು: "ತನ್ನ ಜಾಗ ಯಾರಿಗೂ ಹೇಳದೆ ಹೋದರು. ನಲವತ್ತು ವರ್ಷ ಕೇಳಿದೀನಿ, ಹಾಸಿಗೇಲಿ ಕೇಳಿದೀನಿ, ಜಗಳ ಆಡಿ ಕೇಳಿದೀನಿ. ನಗ್ತಿದ್ರು. ನನಗೇ ಹೇಳದವರು ಇನ್ಯಾರಿಗೆ ಹೇಳ್ತಾರೆ." ಅತ್ತುಕೊಂಡೇ ಹೇಳುತ್ತಿದ್ದಳು, ಆದರೆ ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಹೆಂಗಸರು ತಲೆದೂಗುತ್ತಿದ್ದರು. ಅಂಥ ಗಂಡ, ಅಂಥ ಗಟ್ಟಿ ಬಾಯಿ. ಅವಳಿಗೆ ಉಳಿದಿದ್ದ ಸಮಾಧಾನವೇ ಅದು. ಅವನು ಬಾಯಿ ತೆರೆದರೆ ಚಾಕು ಸಿಗುತ್ತಿತ್ತು, ಆ ಸಮಾಧಾನ ಹೋಗುತ್ತಿತ್ತು. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಅವಳಿಗಾಗಿ ಸುಮ್ಮನಿದ್ದನೋ, ಹೇಳಿಬಿಟ್ಟರೆ ತನ್ನ ಆಸ್ತಿ ಕರಗುತ್ತದೆಂದು ಸುಮ್ಮನಿದ್ದನೋ, ಅದನ್ನು ಹೆಚ್ಚು ಕೆದಕಲು ಹೋಗಿರಲಿಲ್ಲ. ಚಳಿಗಾಲದಲ್ಲಿ ಒಮ್ಮೆ ಬಂದು ನೋಡಿದ್ದ. ಮೊಣಕಾಲುದ್ದ ಎಲೆ, ಮೇಲೆ ಮಂಜು. ಇಲ್ಲಿಲ್ಲ ಎಂದು ನಂಬಿಕೊಂಡು ವಾಪಸು ಹೋಗಿದ್ದ.

ಬಳೆಯ ಮೇಲೆ ಉಗುಳಿ ಉಜ್ಜಿದ. ಬಹಳ ಹೊತ್ತಾದ ಮೇಲೆ ಅದು ಕಿರ್ರೆಂದು ತಿರುಗಿತು. ಉಬ್ಬಿದ ಮರದೊಳಕ್ಕೆ ಅಲಗನ್ನು ಅಂಗೈಯಿಂದ ಒತ್ತುವಾಗ ಕೊನೆಯಲ್ಲಿ ಬೆರಳು ಅಡ್ಡ ಇಟ್ಟ, ಸದ್ದಾಗದಂತೆ. ಚಾಕು ಮಡಚುವ ಆ ಟಕ್ ಸದ್ದಿಗೆ ಅವನ ಮೈ ಈಗಲೂ ಒಮ್ಮೆ ಬಿಗಿಯುತ್ತಿತ್ತು. ಮೂವತ್ತೊಂದು ವರ್ಷ ಅದು ಊಟ ಮುಗಿಯಿತು ಎಂಬ ಸದ್ದು. ಯಜಮಾನರು ಮೇಜಿನ ತಲೆಯಲ್ಲಿ ಕೂತು, ಚಾಕುವಿನ ತುದಿಯಿಂದ ರೊಟ್ಟಿಯ ತಳಕ್ಕೆ ಶಿಲುಬೆ ಗೀರಿ, ಎದೆಗೆ ಒತ್ತಿ ಹಿಡಿದು ಕೊಯ್ದು ಹಂಚುವರು. ಸೂಪು ಅವರಿಂದ ಶುರುವಾಗಿ ಮೇಜಿನ ತುದಿಗೆ ಬರುವಷ್ಟರಲ್ಲಿ ಅವರು ಬಟ್ಟಲಿನ ಕೊನೆಯ ಸೂಪಿಗೆ ಕೆಂಪು ವೈನು ಬಗ್ಗಿಸಿಕೊಂಡು ಎರಡೂ ಕೈಯಲ್ಲಿ ಎತ್ತಿ ಕುಡಿಯುತ್ತಿರುವರು. ತುದಿಯಲ್ಲಿ ಬಾರ್ನಾಬೆ. ಅವರು ಅಲಗನ್ನು ರೊಟ್ಟಿಯ ಚೂರಿಗೆ ಒರೆಸಿ, ಚೂರನ್ನು ಬಾಯಿಗೆ ಹಾಕಿ, ಟಕ್ ಎಂದರೆ ಎಲ್ಲರೂ ಎದ್ದ ಹಾಗೆ. ಬಾಯಲ್ಲಿದ್ದದ್ದು ಬಾಯಲ್ಲಿ, ಕೈಯಲ್ಲಿದ್ದದ್ದು ಜೇಬಿಗೆ. ಯಾರೂ ದುಷ್ಟರಲ್ಲ, ಪದ್ಧತಿ. ಅವನು ನುಂಗುವುದನ್ನು ಕಲಿತ, ನಾಯಿ ತಿನ್ನುವ ಹಾಗೆ ತಿನ್ನುವುದನ್ನು ಕಲಿತ. ಯಜಮಾನರನ್ನು ಹೂಳಿದ ದಿನ ಅದೇ ಅವನನ್ನು ಹಾಳು ಮಾಡಿತು. ಸ್ಮಶಾನದಿಂದ ಬಂದು ಹದಿನಾಲ್ಕು ಜನ ಊಟಕ್ಕೆ ಕೂತಿದ್ದರು. ಮೇಜಿನ ತಲೆಯ ಕುರ್ಚಿ ಖಾಲಿ. ಬಾರ್ನಾಬೆ ಎಂದಿನ ಆತುರದಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿ, ಎಲ್ಲೋ ನೋಡುತ್ತ, ತನ್ನ ಚಾಕು ಒರೆಸಿ ಮಡಚಿದ. ಟಕ್ ಎಂದಿತು. ಉಳಿದ ಹದಿಮೂರು ಜನರೂ ಎದ್ದು ನಿಂತರು. ಕಟುಕನ ಬಾಯಿ ತುಂಬ ಮಾಂಸ, ಪಾದ್ರಿಯ ಕೈಯಲ್ಲಿ ಚಮಚ. ಎದ್ದ ಮೇಲೆ ಒಬ್ಬೊಬ್ಬರಾಗಿ ಸದ್ದು ಬಂದ ಕಡೆ ತಿರುಗಿ ನೋಡಿದರು. ರೆಮಿಯೇ ಮೊದಲು ಬಾಯಿ ಬಿಟ್ಟದ್ದು: "ಹೊಸ ಯಜಮಾನ್ರ ಊಟ ಆಯ್ತಂತೆ. ಏಳ್ರಪ್ಪ ಎಲ್ಲ." ಯಾರೋ ನಕ್ಕರು. ಬಾರ್ನಾಬೆಯ ಕಿವಿ ಸುಟ್ಟಿತು. ಅವನು ಕೂತೇ ಇದ್ದ, ಅವರೆಲ್ಲ ನಿಂತಿದ್ದರು. ಏಳಬೇಕೋ ಕೂರಬೇಕೋ ಗೊತ್ತಾಗಲಿಲ್ಲ. ಸಂಜೆ ಅಂಗಳದಲ್ಲಿ ರೆಮಿ ಅವನ ಮುಖ ನೋಡದೆ, ಮಾವನ ಚಾಕು ಎಲ್ಲೂ ಸಿಗಲಿಲ್ಲವಂತೆ, ಆಶ್ಚರ್ಯ ಅಲ್ಲವಾ ಎಂದು ಕೇಳಿದ್ದ.

ಅಣಬೆ ಕೊಯ್ದು ಬುಟ್ಟಿಗೆ ಹಾಕಿ, ಮೇಲೆ ಜರೀಗಿಡ ಮುಚ್ಚಿ, ಅವನು ಸುತ್ತುದಾರಿ ಹಿಡಿದ. ಬಲಜೇಬಿನಲ್ಲಿ ಎರಡು ಚಾಕು ಒಂದಕ್ಕೊಂದು ತಾಗುತ್ತಿದ್ದವು. ಎಷ್ಟು ಸರಳವಾದ ಕೆಲಸ: ಕಳೆದುಹೋದದ್ದು ಸಿಕ್ಕಿದೆ, ಕೊಡಬೇಕಾದವರಿಗೆ ಕೊಡಬೇಕು. ಬೇರೆ ಯಾರಿಗೇ ಸಿಕ್ಕಿದ್ದರೂ ಓಡಿಹೋಗಿ ಕೊಟ್ಟು ಒಂದು ಲೋಟ ವೈನು ಕುಡಿದು ಬರುತ್ತಿದ್ದರು. ತಾನು ಕೊಟ್ಟರೆ ಕದ್ದವನು ವಾಪಸು ಕೊಟ್ಟ ಹಾಗೆ. ಎಲ್ಲಿ ಸಿಕ್ಕಿತು ಎಂದು ಹೇಳಿದರೆ ಅವಳ ಗಂಡ ಅವಳಿಗೆ ಹೇಳದ್ದನ್ನು ಆಳಿಗೆ ಹೇಳಿದ ಹಾಗೆ. ಹಳ್ಳದ ಹತ್ತಿರ ಎಂದರೆ ಹಳ್ಳದ ದಾರಿಯನ್ನು ಅವಳೇ ಎಲೆ ಎಲೆ ಮಗುಚಿ ನೋಡಿದ್ದಾಳೆ. ಕೊಡದಿದ್ದರೆ ಈಗ ನಿಜಕ್ಕೂ ಕಳ್ಳ. ಒಂದು ಗಂಟೆಯ ಹಿಂದೆ ಅವನು ಸುಮ್ಮನೆ ಅನುಮಾನಕ್ಕೆ ಸಿಕ್ಕಿದವನಾಗಿದ್ದ, ಈಗ ಮಾಲು ಜೇಬಿನಲ್ಲಿದೆ.

ಮತ್ತು ಅವಳು ಈಗ ಚೆನ್ನಾಗಿದ್ದಳು ಅವನೊಂದಿಗೆ. ಅದೇ ತೊಡಕು. ಅವನನ್ನು ಮೇಜಿನ ತುದಿಯಿಂದ ಎಬ್ಬಿಸಿ ಒಲೆಯ ಪಕ್ಕದ ಜಾಗಕ್ಕೆ ಕರೆದವಳು ಅವಳು. ಸೌಟು ಎರಡನೆಯ ಸಲ ತಾನಾಗಿಯೇ ಅವನ ಬಟ್ಟಲ ಕಡೆ ಬರುತ್ತಿತ್ತು. ಕ್ರಿಸ್‌ಮಸ್‌ಗೆ ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟಳು, ಕೋಟಿನ ತೋಳು ಹೊಲಿದು ಕೊಟ್ಟಳು, ಜ್ವರ ಬಂದಾಗ ಏಣಿ ಹತ್ತಿ ಬಂದು ಹಣೆ ಮುಟ್ಟಿ ನೋಡಿದಳು. ಮೂವತ್ತು ವರ್ಷ ಅವನನ್ನು ಕೂಗಲು ಕಿಟಕಿ ತಟ್ಟುತ್ತಿದ್ದವಳು ಈಗ ಹೆಸರು ಹಿಡಿದು ಕರೆಯುತ್ತಿದ್ದಳು. ಬಾಯಲ್ಲಿ ಅಮ್ಮಾವ್ರೆ ಅನ್ನುತ್ತಿದ್ದರೂ ಮನಸ್ಸಿನಲ್ಲಿ ಅವನೂ ಹೆಸರು ಹಿಡಿಯತೊಡಗಿದ್ದ. ನೋಯೆಲಿ. ಇಬ್ಬರೇ ಊಟಕ್ಕೆ ಕೂರುವ ಮೇಜು. ಅವಳೂ ಒಬ್ಬಳೇ, ತಾನೂ ಒಬ್ಬನೇ ಎಂಬ ಲೆಕ್ಕದಿಂದ ಮುಂದೆ ಅವನು ಯೋಚಿಸುತ್ತಿರಲಿಲ್ಲ; ಯೋಚಿಸಿದರೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾಗುವಷ್ಟರ ಮಟ್ಟಿಗೆ ಯೋಚಿಸುತ್ತಿದ್ದ. ಅವಳಿಗೆ ತನ್ನ ಮೇಲೆ ಅನುಮಾನವಿಲ್ಲ, ಅದಂತೂ ಖಂಡಿತ. ಅನುಮಾನವಿದ್ದವರು ಕಾಲುಚೀಲ ಹೆಣೆಯುವುದಿಲ್ಲ.

ರಸ್ತೆಗೆ ಬಂದಾಗ ಅಂಚೆಯ ಕ್ಲೊವಿಸ್ ಎದುರಾದ. ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡ ದಾರವನ್ನು ಹಲ್ಲಿನಿಂದ ಕಡಿಯಲು ನೋಡುತ್ತಿದ್ದ. ಬುಟ್ಟಿ ನೋಡಿದ ಕೂಡಲೇ ಮುಖ ಅರಳಿತು.

"ಎಲ್ಲಿ ಸಿಕ್ತು ಅಂತ ಕೇಳಲ್ಲ ಬಿಡಯ್ಯ. ಕೇಳಿದ್ರೆ ನೀನು ಸುಳ್ಳು ಹೇಳ್ಬೇಕು, ನಾನು ನಂಬ್ಬೇಕು, ಇಬ್ಬರಿಗೂ ದಂಡ. ಆ ಚಾಕು ಕೊಡು ಸ್ವಲ್ಪ, ಈ ದಾರ ಕೊಯ್ಯೋಣ."

ಬಾರ್ನಾಬೆಯ ಕೈ ಜೇಬಿಗೆ ಹೋಯಿತು. ಹೆಬ್ಬೆರಳಿಗೆ ತಿರುಪು ತಾಗಿತು. ಇನ್ನೊಂದನ್ನು ತೆಗೆಯುವುದು ಎಷ್ಟರ ಮಾತು, ಆದರೆ ಒಂದನ್ನು ಎಳೆದರೆ ಎರಡೂ ಹೊರಬರುತ್ತವೆ ಅನ್ನಿಸಿತು. ಕೈಯನ್ನು ಖಾಲಿ ತೆಗೆದ. ತಂದಿಲ್ಲ ಎಂದ.

"ತಂದಿಲ್ಲವಾ?" ಕ್ಲೊವಿಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಚಾಕು ಇಲ್ಲದೆ ಹೊರಗೆ ಬಂದಿದೀಯಾ? ಚಡ್ಡಿ ಆದ್ರೂ ಇದೆಯೇನಯ್ಯ ಒಳಗೆ?"

ಅಣಬೆಯನ್ನು ಉಗುರಿನಲ್ಲಿ ಕಿತ್ತೆಯಾ ಎಂದೂ ಕೇಳಿದ. ನಗುತ್ತಲೇ ಕೇಳಿದ, ಆದರೆ ಬಗ್ಗಿ ಜರೀಗಿಡದ ಸಂದಿನಲ್ಲಿ ಅಣಬೆಯ ಕಾಲು ನೋಡಿದ. ನೇರವಾಗಿ, ಬಿಳಿಯಾಗಿ ಕೊಯ್ದ ಕಾಲು. ವಿಷಯ ತಿರುಗಿಸಿ, ಭಾನುವಾರ ತಿಯೋಫಿಲ್‌ರ ವರ್ಷದ ಪೂಜೆಗೆ ಬರುತ್ತೇನೆ, ನಿಮ್ಮ ಅಮ್ಮಾವ್ರಿಗೆ ಹೇಳು ಎಂದು ದಾರವನ್ನು ಕಂಬದ ಮೊಳೆಗೆ ತಿಕ್ಕಿ ಹರಿದುಕೊಂಡು ಹೋದ. ಮುಂದಿನ ಮೂರು ಮನೆಗಳಲ್ಲಿ ಇವನು ಏನು ಹೇಳುತ್ತಾನೆ ಎಂದು ಬಾರ್ನಾಬೆ ರಸ್ತೆಯ ನಡುವೆ ನಿಂತು ಲೆಕ್ಕ ಹಾಕಿದ. ಸುಳ್ಳು ಹೇಳುವುದು ಬರುವುದಿಲ್ಲ ಅನ್ನುವುದು ಗುಣವೆಂದು ಇಷ್ಟು ದಿನ ತಿಳಿದಿದ್ದ. ಬರೀ ಅಭ್ಯಾಸವಿಲ್ಲ ಅಷ್ಟೇ, ಹೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಅಂಗಳಕ್ಕೆ ಬಂದವನು ಒಳಗೆ ಹೋಗಲಿಲ್ಲ. ಚಾಕುವನ್ನು ಎಲ್ಲಾದರೂ ಇಟ್ಟುಬಿಟ್ಟರೆ ಅವಳೇ ಹುಡುಕಿಕೊಳ್ಳುತ್ತಾಳೆ ಎಂಬ ಯೋಚನೆ ಅವನನ್ನು ಗಾಡಿಯ ಕೊಟ್ಟಿಗೆಗೆ ಕರೆದೊಯ್ದಿತು. ಗಾಡಿಯ ಹಲಗೆಯ ಕೆಳಗೆ ಇಟ್ಟ. ಒಂದು ವರ್ಷ ಒಣಗಿದ ಕೊಟ್ಟಿಗೆಯಲ್ಲಿದ್ದ ಚಾಕುವಿಗೆ ಇಷ್ಟು ತುಕ್ಕು ಬರುತ್ತದೆಯೇ? ತೆಗೆದ. ಆಕ್ರೋಟು ಹರವಿದ್ದ ಅಟ್ಟ ಹತ್ತಿದ, ಇಳಿದ. ಕೆರೆಯ ದಡದವರೆಗೂ ಹೋದ. ಬಾತುಗಳು ಏನೋ ಹಾಕುತ್ತಾನೆಂದು ಈಜಿಕೊಂಡು ಬಂದವು. ಕೈ ಎತ್ತಿದ ಕೂಡ. ಆದರೆ ಹೊದಿಕೆಯ ಮೇಲೆ ಮೂರು ದಿನ ತಟ್ಟುತ್ತಿದ್ದ ಆ ಕೈ ನೆನಪಾಯಿತು. ಎರಡನೆಯ ಸಲ ಅದನ್ನು ಕಂಡೂ ಕಾಣದವನಂತೆ ನಿಲ್ಲಲು ಅವನಿಂದ ಆಗಲಿಲ್ಲ. ಬಾತುಗಳಿಗೆ ಜೇಬಿನಲ್ಲಿದ್ದ ಒಣರೊಟ್ಟಿ ಹಾಕಿದ. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ನೋಯೆಲಿ ಅಣಬೆಗಳನ್ನು ನೋಡಿ ಚೆನ್ನಾಗಿವೆ ಎಂದಳು. ಎಲ್ಲಿ ಎಂದು ವಾಡಿಕೆಗೆ ಕೇಳಿದಳು. ಹಳ್ಳದ ಕಡೆ ಎಂದು ಅವನು ವಾಡಿಕೆಗೆ ಹೇಳಿದ. ಬಾತಿನ ಕೊಬ್ಬಿನಲ್ಲಿ ಬೆಳ್ಳುಳ್ಳಿ ಹಾಕಿ ಹುರಿಯುತ್ತ, ಅವರ ಜಾಗದ್ದು ಇದಕ್ಕಿಂತ ದಪ್ಪ ಇರುತ್ತಿತ್ತು, ರುಚಿಯೂ ಬೇರೆ, ಹಳ್ಳದ್ದು ಸ್ವಲ್ಪ ನೀರು ನೀರು ಎಂದಳು. ಬಾರ್ನಾಬೆ ಹೂಂ ಎಂದ. ಸೂಪು ಮುಗಿಯಿತು, ಇಬ್ಬರೂ ಬಟ್ಟಲಿಗೆ ವೈನು ಬಗ್ಗಿಸಿಕೊಂಡು ಕುಡಿದರು. ಹೂಜಿಯ ವೈನು. ಬಿರಡೆ ಹಾಕಿದ ಸೀಸೆಗಳು ಒಂದು ವರ್ಷದಿಂದ ನೆಲಮಾಳಿಗೆಯಲ್ಲಿ ಹಾಗೇ ಮಲಗಿದ್ದವು; ತೆರೆಯಲು ಬೇರೆ ತಿರುಪು ತರುವುದು ಅವಳಿಗೆ ಇಷ್ಟವಿರಲಿಲ್ಲ. ಭಾನುವಾರ ಎಷ್ಟು ಜನ ಬಂದಾರು, ಹುಂಜ ಎರಡು ಸಾಕೇ ಎಂದು ಮಾತಾಡುತ್ತಿದ್ದವಳು ನಡುವೆ ನಿಲ್ಲಿಸಿದಳು. ರೊಟ್ಟಿಯ ಪುಡಿಯನ್ನು ಬೆರಳಿನಿಂದ ಒಟ್ಟು ಮಾಡುತ್ತ, ಅವನಿಗೆ ಹೇಳುವ ಹಾಗೂ ಅಲ್ಲ, ಹೇಳದ ಹಾಗೂ ಅಲ್ಲ, "ಬರಿ ಜೇಬಲ್ಲಿ ಕಳಿಸಿದೆ ಅವರನ್ನ" ಎಂದಳು. "ಆ ಕೈ ಹಾಗೆ ತಟ್ತಾ ಇದ್ದದ್ದು ಜೇಬು ಅಂತ ನನಗೆ ಹೂಳಿ ಬಂದ ಮೇಲೆ ಹೊಳೀತು ನೋಡು. ಹೆಂಡತಿಗೆ ಗೊತ್ತಾಗಲಿಲ್ಲ ಅಂದ್ರೆ."

ಬಾರ್ನಾಬೆ ಜೇಬಿಗೆ ಕೈ ಹಾಕಿ ಚಾಕುವನ್ನು ಅವಳ ತಟ್ಟೆಯ ಪಕ್ಕ ಇಟ್ಟ. ಇಡುವವರೆಗೂ ಇಡುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

ಅವಳು ಬೆಚ್ಚಲಿಲ್ಲ. ಅದು ಅವನಿಗೆ ಮೊದಲು ಕಂಡದ್ದು. ಚಾಕುವನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವಳ ಕಣ್ಣು ಒದ್ದೆಯಾಯಿತು, ಬಾಯಿ ಸ್ವಲ್ಪ ನಕ್ಕಿತು. ಜ್ವರ ಬಂದಾಗ ಏಣಿ ಹತ್ತಿ ಬಂದಿದ್ದ ಮುಖವೇ ಅದು.

"ಕೊಡ್ತೀಯ ಅಂತ ಗೊತ್ತಿತ್ತು" ಎಂದಳು. "ಒಂದಲ್ಲ ಒಂದು ದಿನ ನೀನಾಗೇ ತಂದಿಡ್ತೀಯ ಅಂತ. ರೆಮಿ ಪೊಲೀಸರಿಗೆ ಹೇಳೋಣ ಅಂದ. ನಾನು ಬೇಡಪ್ಪ ಅಂದೆ. ಮೂವತ್ತೊಂದು ವರ್ಷ ನಮ್ಮ ಮೇಜಲ್ಲಿ ಉಂಡವನು, ಏನೋ ಆಸೆ ಆಗಿರುತ್ತೆ, ನಾವು ಒಳ್ಳೇದಾಗಿದ್ರೆ ಅವನೇ ಕೊಡ್ತಾನೆ ಅಂದೆ. ಈ ಮನೇಲಿ ಅವನದು ಅಂತ ಏನಿತ್ತು ಹೇಳು ಅಂದೆ."

ಒಲೆಯಲ್ಲಿ ಕಟ್ಟಿಗೆ ಜಾರಿತು. ಕಾಲುಚೀಲ, ಸೌಟು, ಒಲೆಯ ಪಕ್ಕದ ಜಾಗ, ಹಣೆಯ ಮೇಲಿನ ಕೈ, ಎಲ್ಲವೂ ಒಂದೊಂದಾಗಿ ಬಾರ್ನಾಬೆಯ ಕಣ್ಣಮುಂದೆ ಬಂದವು. ಒಂದನ್ನೂ ಅವಳು ಅವನಿಗೆ ಕೊಟ್ಟಿರಲಿಲ್ಲ. ಅವನ ಹೆಸರಿನ ಒಬ್ಬ ಕಳ್ಳನಿಗೆ ಕೊಟ್ಟಿದ್ದಳು, ತಿದ್ದಿಕೊಳ್ಳಲಿ ಎಂದು. ಅಳು ಬರುವಂತಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಆದರೂ ಅವಳ ಆ ಮುಖ ಇನ್ನೂ ಅವನ ಕಡೆಗೇ ಇತ್ತು. ಕಳ್ಳನೆಂದು ಒಪ್ಪಿಕೊಂಡರೆ ಅದು ಹಾಗೇ ಇರುತ್ತದೆ. ಅದಕ್ಕೊಂದು ಮಾತು ಸಾಕು. ತಪ್ಪಾಯ್ತು ಅಮ್ಮಾವ್ರೆ, ಎಂದ.

ಇರಲಿ ಬಿಡು ಎಂದು ಅವಳು ಅವನ ತಟ್ಟೆಗೆ ಇನ್ನಷ್ಟು ಅಣಬೆ ಬಡಿಸಿದಳು. ಬಡಿಸುತ್ತ ಎಲ್ಲಿಟ್ಟಿದ್ದೆ ಎಂದು ಕೇಳಿದಳು. ಹಾಸಿಗೆಯ ಕೆಳಗೆ, ಎಂದು ಅವನು ಹೇಳಿದ. ಅವಳ ಕೈ ಬಾಣಲೆಯ ಮೇಲೆ ನಿಂತಿತು.

"ಅಲ್ಲಿ ನಾನು ನೋಡಿದೆನಲ್ಲ" ಎಂದಳು. ಹೇಳಿದ ಮೇಲೆ ಅವಳ ಕತ್ತು ಕೆಂಪಾಯಿತು. "ಎರಡು ಸಲ. ನೀನು ಉಳೋಕೆ ಹೋದಾಗ."

ಹಾಸಿಗೆಯ ಕೆಳಗೆ ಏನೇನಿತ್ತು ಎಂದು ಬಾರ್ನಾಬೆ ನೆನಪಿಸಿಕೊಂಡ. ಹರಿದ ಬನಿಯನ್ನು, ಅವ್ವನ ಫೋಟೋ, ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ನೋಯೆಲಿಯ ನೀಲಿ ಅಂಗಿಯಿಂದ ಉದುರಿದ್ದ ಒಂದು ಗುಂಡಿ. ಡಬ್ಬಿಯನ್ನು ತೆರೆದಿರುತ್ತಾಳೆ. ಗುಂಡಿಯನ್ನು ಗುರುತಿಸಿದಳೋ, ಯಾವುದೋ ಗುಂಡಿ ಅಂದುಕೊಂಡಳೋ. ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳೂ ಅವನನ್ನು ನೋಡುತ್ತಿರಲಿಲ್ಲ. ಚಾಕುವನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ತಿರುಪಿನೊಳಗಿನ ಪಾಚಿಯನ್ನು ಉಗುರಿನಿಂದ ಕೆರೆದಳು, ಮೂಸಿದಳು.

"ಇದು ಮನೆಯೊಳಗೆ ಇದ್ದ ಚಾಕು ಅಲ್ಲ" ಎಂದಳು. "ಯಾಕೆ ಸುಳ್ಳು ಹೇಳ್ತೀಯ? ಎಲ್ಲಿ ಸಿಕ್ತು?"

ಇನ್ನು ಬೇರೆ ಜಾಗ ಹುಡುಕುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ತೋಪಿನಲ್ಲಿ, ಎಂದ. ಇವತ್ತು ಬೆಳಿಗ್ಗೆ. ಅವರ ಜಾಗದಲ್ಲಿ.

ಅವರ ಜಾಗ ಎಂದರೆ ಯಾವುದೆಂದು ಅವಳು ಕೇಳಲಿಲ್ಲ. ಬಾಣಲೆಯನ್ನು ನೋಡಿದಳು, ಅವನ ತಟ್ಟೆಯನ್ನು ನೋಡಿದಳು. ನೀರು ನೀರು ಎಂದಿದ್ದ ಅಣಬೆ. ಹಾಗಾದರೆ ನೀನು ಕದ್ದಿಲ್ಲ, ಎಂದು ಅವಳು ಹೇಳಬಹುದೆಂದು ಅವನು ಒಂದು ಗಳಿಗೆ ಕಾದ. ಅವಳ ಮನಸ್ಸು ಅಲ್ಲಿರಲಿಲ್ಲ. ಅವಳ ಬೆನ್ನು ನಿಧಾನವಾಗಿ ಬಾಗುತ್ತಿತ್ತು. ಒಮ್ಮೆಲೇ ಬಹಳ ವಯಸ್ಸಾದವಳ ಹಾಗೆ ಕಂಡಳು.

"ನಿನಗೆ ಹೇಗೆ ಗೊತ್ತು ಆ ಜಾಗ?" ಎಂದಳು. "ಅವರು ಹೇಳಿದ್ರಾ? ಬಾರ್ನಾಬೆ, ಅವರೇ ಹೇಳಿದ್ರಾ ನಿನಗೆ?"

ಹೌದು ಎಂದರೆ ಮುಗಿಯಿತು. ಚಾಕುವಿನ ಕಳ್ಳನೂ ಅಲ್ಲ, ಜಾಗದ ಕಳ್ಳನೂ ಅಲ್ಲ. ಯಜಮಾನರು ಮುಳ್ಳಿನ ಕೊಂಬೆ ಎತ್ತಿ ಹಿಡಿದು ಒಳಗೆ ಕರೆದವನು. ಒಂದು ವರ್ಷದ ಅವಮಾನಕ್ಕೆಲ್ಲ, ಮೂವತ್ತೊಂದು ವರ್ಷದ ಮೇಜಿನ ತುದಿಗೆಲ್ಲ ಅದೊಂದು ಉತ್ತರ. ರೆಮಿಯ ಮುಖಕ್ಕೆ ಹೇಳಬಹುದಾದ ಉತ್ತರ. ನಾಲಿಗೆಯ ತುದಿಗೆ ಬಂದಿತ್ತು. ಅವಳು ಎರಡೂ ಕೈಯಲ್ಲಿ ಚಾಕು ಹಿಡಿದುಕೊಂಡು, ನಲವತ್ತು ವರ್ಷ ತಾನು ಮಲಗಿದ ಮನೆಯ ಬಾಗಿಲಲ್ಲಿ ಒಳಗೆ ಬರಬಹುದೇ ಎಂದು ಕೇಳುವವಳ ಹಾಗೆ ಅವನನ್ನೇ ನೋಡುತ್ತಿದ್ದಳು.

"ಇಲ್ಲ" ಎಂದ ಬಾರ್ನಾಬೆ. "ನಾನೇ ಹಿಂದೆ ಹೋಗಿದ್ದೆ. ಕದ್ದು. ಗೋಡೆ ಹಿಂದೆ ನಿಂತು ನೋಡ್ದೆ."

ಅವಳು ಉಸಿರು ಬಿಟ್ಟಳು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ, ಹೊರಗೆ ಬರುವಾಗ ಸದ್ದಾಯಿತು. ಬಾಗಿದ್ದ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ಅವರು ಯಾರಿಗೂ ಹೇಳಲಿಲ್ಲ ಹಾಗಾದರೆ, ಎಂದು ತನಗೆ ತಾನೇ ಅಂದುಕೊಂಡಳು. ಯಾರಿಗೂ ಇಲ್ಲ ಎಂದು ಅವನು ಹೇಳಿದ. ಅವಳು ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡಳು. ಅದರಲ್ಲಿ ಇನ್ನೂ ಅರ್ಧ ಅಣಬೆ ಇತ್ತು. ಸಿಟ್ಟು ಕೂಡ ಇರಲಿಲ್ಲ ಅವಳ ದನಿಯಲ್ಲಿ, ದೂರದ ಹಳ್ಳಿಯವರೊಡನೆ ಮಾತಾಡುವ ಹಾಗೆ ಮಾತಾಡಿದಳು.

"ಚಾಕು ಕದ್ದಿದ್ರೇ ವಾಸಿ ಇತ್ತು, ಬಾರ್ನಾಬೆ."

ಅವನು ಎದ್ದು ಟೋಪಿ ತೆಗೆದುಕೊಂಡ. ಬಾಗಿಲ ಹತ್ತಿರ ಹೋದಾಗ ಅವಳು ಕರೆದಳು. ಅವನನ್ನು ಕರೆದದ್ದೋ ಏನೋ. ಚಾಕುವನ್ನು ಮಡಿಲಲ್ಲಿಟ್ಟುಕೊಂಡು, ಹಿಡಿಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುತ್ತ, ಮುಖ ಎತ್ತದೆ ಕೇಳಿದಳು.

"ನೀನು ಹಿಂದೆ ಬಂದದ್ದು ಅವರಿಗೆ ಕೊನೇವರೆಗೂ ಗೊತ್ತಾಗಲಿಲ್ವಾ?"

"ಇಲ್ಲ ಅಮ್ಮಾವ್ರೆ. ಗೊತ್ತಾಗಲಿಲ್ಲ."

"ಪಾಪ" ಎಂದಳು ನೋಯೆಲಿ, ಅಷ್ಟು ಮೃದುವಾಗಿ ಆ ಮನೆಯಲ್ಲಿ ಯಾರೂ ಏನನ್ನೂ ಹೇಳಿದ್ದನ್ನು ಬಾರ್ನಾಬೆ ಕೇಳಿರಲಿಲ್ಲ. ಅವನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದ.